ತಪ್ಪು ಎಲ್ಲಿದೆ?



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪೂಜಾವಿಧಿ, ಸಂಸ್ಕಾರ, ಮಕ್ಕಳ ಹಟ, ಅತ್ತೆ ಸೊಸೆಯರ ಮನಸ್ತಾಪ ಇವುಗಳನ್ನು ಕುರಿತವು. ಈ ತಿಂಗಳು ಬಂದ ಪತ್ರವೊಂದು ಬೇರೆ ತೆರನಾದುದು. ಗದಗ ಸೀಮೆಯ ತಾಯಿಯೊಬ್ಬರು ನಾಲ್ಕು ಪುಟಗಳಷ್ಟು ಬರೆದು, ಅದರೊಡನೆ ತಮ್ಮ ಮಗಳ ಹಾಳೆಯೊಂದನ್ನು ಮಡಚಿ ಇಟ್ಟು ಕಳುಹಿಸಿದ್ದಾರೆ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಎಸ್ಸಿ. ಪದವಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿದವಳು. ಬ್ಯಾಂಕಿನ ನೇಮಕಾತಿ ಪರೀಕ್ಷೆಗೆ ಮೂರು ಬಾರಿ ಕುಳಿತಳು. ಮೂರು ಬಾರಿಯೂ ಲೆಕ್ಕದಲ್ಲಿ ಗೆದ್ದು ಇಂಗ್ಲಿಷಿನಲ್ಲಿ ಸೋತಳು. ಈಗ ಒಂದು ಸಂಬಂಧ ಕೇಳಿಕೊಂಡು ಬಂದಿದೆ. ಮನೆಯ ಯಜಮಾನರು, “ಇಂಗ್ಲಿಷ್ ನಮ್ಮ ಮನೆತನಕ್ಕೆ ಒಗ್ಗುವುದಲ್ಲ, ಇನ್ನು ಸಾಕು” ಎಂದಿದ್ದಾರೆ. ಮಗಳು ಮಾತನಾಡದೆ ರೊಟ್ಟಿ ಬಡಿಯುತ್ತಾಳಂತೆ. “ಸರಿಯಾದ ವಾಕ್ಯ ಯಾವುದು, ತಪ್ಪಾದ ವಾಕ್ಯ ಯಾವುದು ಎಂದು ಆರಿಸುವುದಕ್ಕೆ ಇವಳಂಥವಳಿಗೆ ದಾರಿಯೇ ಇಲ್ಲವೇ? ಇದ್ದರೆ ಹೇಳಿ, ಇಲ್ಲದಿದ್ದರೆ ಇಲ್ಲವೆಂದಾದರೂ ಹೇಳಿ” ಎಂದು ತಾಯಿ ಕೇಳಿದ್ದಾರೆ.

ಹಾಳೆಯನ್ನು ನಾವು ಎರಡು ದಿನ ಮುಂದಿಟ್ಟುಕೊಂಡು ನೋಡಿದೆವು. ಅದು ಅಂಗಡಿಯಲ್ಲಿ ಸಿಗುವ ಕೈಪಿಡಿಯೊಂದರಿಂದ ಇಳಿಸಿಕೊಂಡ ಅಭ್ಯಾಸ. 30 ವಾಕ್ಯಗಳು. ಪ್ರತಿಯೊಂದು ವಾಕ್ಯವನ್ನೂ ನಾಲ್ಕು ತುಂಡು ಮಾಡಿ, ಯಾವ ತುಂಡಿನಲ್ಲಿ ತಪ್ಪಿದೆಯೆಂದು ಕೇಳಲಾಗಿದೆ. ಐದನೆಯ ಆಯ್ಕೆ ‘ತಪ್ಪಿಲ್ಲ’ ಎಂಬುದು. ಕೈಪಿಡಿಯ ಕೊನೆಯಲ್ಲಿರುವ ಉತ್ತರಗಳಿಗೆ ಹೋಲಿಸಿ ಹುಡುಗಿ ತಾನೇ ಗುರುತು ಹಾಕಿಕೊಂಡಿದ್ದಾಳೆ: 17 ಸರಿ, 9 ತಪ್ಪು, 4 ಬಿಟ್ಟದ್ದು. ಕೆಳಗೆ ಸಣ್ಣ ಅಕ್ಷರಗಳಲ್ಲಿ 14.75 ಎಂದು ಬರೆದು ಎರಡು ಗೆರೆ ಎಳೆದಿದ್ದಾಳೆ. ಒಂದೊಂದು ತಪ್ಪಿಗೂ ಕಾಲು ಅಂಕ ಕಳೆಯುವುದು ಈ ಪರೀಕ್ಷೆಗಳ ಕ್ರಮವಾದುದರಿಂದ ಆ ಲೆಕ್ಕ. ಲೆಕ್ಕದಲ್ಲಿ ಅವಳು ತಪ್ಪುವುದಿಲ್ಲವೆಂಬುದು ಅಲ್ಲಿಯೇ ಕಾಣುತ್ತದೆ.

ಈ ಪರೀಕ್ಷೆಗಳ ಪರಿಚಯವಿಲ್ಲದ ಹಿರಿಯರಿಗಾಗಿ ಒಂದೆರಡು ಮಾತು. ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳಿಗೆ ಗುಮಾಸ್ತರನ್ನೂ ಅಧಿಕಾರಿಗಳನ್ನೂ ಆರಿಸಲು ಐ.ಬಿ.ಪಿ.ಎಸ್. ಸಂಸ್ಥೆ ನಡೆಸುವ ಪ್ರಾಥಮಿಕ ಪರೀಕ್ಷೆಯಲ್ಲಿ ಮೂರು ಭಾಗಗಳುಂಟು. ಅವುಗಳಲ್ಲಿ ಒಂದು ಇಂಗ್ಲಿಷ್: 20 ನಿಮಿಷಗಳಲ್ಲಿ 30 ಪ್ರಶ್ನೆಗಳು, ಎಂದರೆ ಪ್ರಶ್ನೆಯೊಂದಕ್ಕೆ 40 ಸೆಕೆಂಡು. ಮೂರು ಭಾಗಗಳಲ್ಲಿಯೂ ಬೇರೆ ಬೇರೆಯಾಗಿ ಕನಿಷ್ಠ ಅಂಕ ಬರಲೇಬೇಕು. ಗಣಿತದಲ್ಲಿ ಪೂರ್ಣ ಅಂಕ ಪಡೆದವನೂ ಇಂಗ್ಲಿಷಿನಲ್ಲಿ ಒಂದು ಅಂಕ ಕಡಿಮೆಯಾದರೆ ಹೊರಗೆ. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ಗುಮಾಸ್ತರ ನೇಮಕದ ಪರೀಕ್ಷೆಗಳನ್ನು ಇಂಗ್ಲಿಷ್, ಹಿಂದಿಗಳ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸಬೇಕೆಂದಿತು. ಕನ್ನಡವೂ ಅವುಗಳಲ್ಲಿ ಸೇರಿದೆ. ಗಣಿತವನ್ನೂ ತರ್ಕವನ್ನೂ ಕನ್ನಡದಲ್ಲಿ ಓದಿ ಉತ್ತರಿಸುವ ಅನುಕೂಲ ಅದರಿಂದ ಆಯಿತು. ಆದರೆ ಇಂಗ್ಲಿಷ್ ಭಾಷೆಯ ಭಾಗ ಇಂಗ್ಲಿಷಿನಲ್ಲಿಯೇ ಉಳಿಯಿತು. ಸಿಬ್ಬಂದಿ ನೇಮಕಾತಿ ಆಯೋಗದ ಪದವೀಧರ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿಯೂ 25 ಪ್ರಶ್ನೆಗಳಿಗೆ 50 ಅಂಕಗಳ ಇಂಗ್ಲಿಷ್ ಇದೆ. ಅಲ್ಲಿ ಒಂದು ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. ಗ್ರಾಮೀಣ ಬ್ಯಾಂಕುಗಳ ಪ್ರಾಥಮಿಕ ಪರೀಕ್ಷೆಯಲ್ಲಿ ಮಾತ್ರ ಇಂಗ್ಲಿಷ್ ಭಾಗವಿಲ್ಲ, ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷ್ ಅಥವಾ ಹಿಂದಿಯನ್ನು ಆರಿಸಿಕೊಳ್ಳಬಹುದು. ಈ ತಾಯಿಯ ಮಗಳು ಅದಕ್ಕೂ ಅರ್ಜಿ ಹಾಕಲಿ ಎಂಬುದು ನಮ್ಮ ಮೊದಲ ಸಲಹೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ಕೆಲಸ ಮಾಡಬೇಕಾದವರಿಗೆ ಇಂಗ್ಲಿಷ್ ಇಲ್ಲವೇ ಹಿಂದಿ ಎಂದು ಕೇಳುವವರು ಕನ್ನಡವನ್ನೂ ಏಕೆ ಕೇಳಬಾರದು ಎಂಬ ಪ್ರಶ್ನೆ ನಮ್ಮಲ್ಲಿಯೂ ಇದೆ. ಅದನ್ನು ಬೇರೊಂದು ಸಂಚಿಕೆಗೆ ಇಟ್ಟುಕೊಳ್ಳುವೆವು.

ಈಗ ಹಾಳೆಗೆ ಬರೋಣ. ಒಂಬತ್ತು ತಪ್ಪುಗಳಲ್ಲಿ ನಾಲ್ಕು ಒಂದೇ ಜಾತಿಯವು. ಅವುಗಳಲ್ಲಿ ಒಂದು ಹೀಗಿದೆ: ‘ದಿ ಪ್ರೈಸ್ ಆಫ್ ದಿ ಬುಕ್ಸ್ ಹ್ಯಾವ್ ರಿಸನ್.’ ಇದರಲ್ಲಿ ತಪ್ಪಿಲ್ಲವೆಂದು ಅವಳು ಬರೆದಿದ್ದಾಳೆ. ತಪ್ಪಿದೆ. ‘ಹ್ಯಾವ್’ ಎಂಬಲ್ಲಿ ‘ಹ್ಯಾಸ್’ ಬರಬೇಕು, ಏಕೆಂದರೆ ಏರಿದ್ದು ಬೆಲೆ, ಪುಸ್ತಕಗಳಲ್ಲ.

ಕನ್ನಡದ ಹುಡುಗಿ ಇಲ್ಲಿ ಏಕೆ ಎಡವುತ್ತಾಳೆಂಬುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ನಮ್ಮ ಭಾಷೆಯಲ್ಲಿ ‘ಪುಸ್ತಕಗಳ ಬೆಲೆ ಏರಿದೆ’ ಎನ್ನುತ್ತೇವೆ. ವಿಶೇಷಣಗಳೆಲ್ಲ ಮೊದಲು ಬಂದು, ಮುಖ್ಯವಾದ ಪದ ಕ್ರಿಯಾಪದದ ಮಗ್ಗುಲಲ್ಲಿಯೇ ಕುಳಿತುಕೊಳ್ಳುತ್ತದೆ. ‘ನಮ್ಮ ಊರಿನ ಶಾಲೆಯ ಮಕ್ಕಳ ಪುಸ್ತಕಗಳ ಬೆಲೆ’ ಎಂದು ಎಷ್ಟೇ ಉದ್ದ ಎಳೆದರೂ ಬೆಲೆಯೂ ಏರುವಿಕೆಯೂ ಅಕ್ಕಪಕ್ಕದ ಮನೆಯವರು. ಇಂಗ್ಲಿಷಿನಲ್ಲಿ ಇದು ತಲೆಕೆಳಗು. ಮುಖ್ಯ ಪದ ಮೊದಲು ಬಂದು, ‘ಆಫ್’ ಎಂಬುದರ ಹಿಂದೆ ಉಳಿದವೆಲ್ಲ ಮೆರವಣಿಗೆಯಂತೆ ಸಾಗಿ, ಕ್ರಿಯಾಪದದ ಹೊತ್ತಿಗೆ ಯಜಮಾನ ಎಲ್ಲಿಯೋ ಹಿಂದೆ ಉಳಿದಿರುತ್ತಾನೆ. ಪಕ್ಕದಲ್ಲಿರುವುದು ಯಾವುದೋ ಬಹುವಚನದ ಪದ. ಪಕ್ಕದವನೇ ಯಜಮಾನನೆಂದು ತಿಳಿಯುವ ಅಭ್ಯಾಸ ನಮ್ಮ ಕಿವಿಗೆ ಹುಟ್ಟಿನಿಂದ ಬಂದದ್ದು. ಪರೀಕ್ಷಕರಿಗೆ ಇದು ಗೊತ್ತು. ಆದುದರಿಂದಲೇ ಅವರು ‘ಒನ್ ಆಫ್ ದಿ’ ಎಂದು ಆರಂಭವಾಗುವ ವಾಕ್ಯಗಳನ್ನು ವರ್ಷ ವರ್ಷವೂ ಕೊಡುತ್ತಾರೆ. ‘ಒನ್ ಆಫ್ ದಿ ಬಾಯ್ಸ್ ಹ್ಯಾವ್ ಕಮ್’ ಎಂದರೆ ತಪ್ಪು, ಬಂದವನು ಒಬ್ಬ. ‘ಈಚ್ ಆಫ್ ದಿ ಗರ್ಲ್ಸ್ ವರ್ ಗಿವನ್ ಎ ಬುಕ್’ ಎಂದರೂ ತಪ್ಪೇ, ಒಬ್ಬೊಬ್ಬಳಿಗೂ ಎಂದಾಗ ‘ವಾಸ್’ ಬೇಕು.

ಇದಕ್ಕೆ ಮದ್ದು ನಮ್ಮ ಭಾಷೆಯಲ್ಲಿಯೇ ಇದೆ. ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ, ‘ಏರಿದ್ದು ಯಾವುದು? ಬಂದವರು ಯಾರು?’ ಎಂದು ಕೇಳಿಕೊಳ್ಳಬೇಕು. ಬಂದ ಉತ್ತರ ಏಕವಚನವೋ ಬಹುವಚನವೋ ನೋಡಿ ಇಂಗ್ಲಿಷಿಗೆ ಹಿಂದಿರುಗಬೇಕು. ಈ ಪ್ರಶ್ನೆಯನ್ನು ಕೇಳುವುದಕ್ಕೆ ಇಂಗ್ಲಿಷ್ ಬರಬೇಕಾಗಿಲ್ಲ. ಪತ್ರ ಬರೆದ ತಾಯಿಯೇ ಅಡುಗೆಮನೆಯಲ್ಲಿ ಕುಳಿತು ಕೇಳಬಹುದು. ಮಗಳು ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಹೇಳಲಿ, ತಾಯಿ “ಮಾಡಿದವರು ಯಾರು?” ಎಂದು ಕೇಳಲಿ. ದಿನಕ್ಕೆ ಹತ್ತು ವಾಕ್ಯ ಸಾಕು.

ಆದರೆ ಇದರಲ್ಲಿ ಒಂದು ತೊಡಕುಂಟು, ಅದು ನಮಗೆ ಅನುಭವದಿಂದ ತಿಳಿದದ್ದು. ಹಿಂದೆ ನಾವು ಮಠವೊಂದರ ಪ್ರಸಾದ ನಿಲಯದ ಮಕ್ಕಳಿಗೆ ಭಾನುವಾರಗಳಂದು ಇಂಗ್ಲಿಷ್ ಹೇಳಿಕೊಡುತ್ತಿದ್ದೆವು. ನಿಯಮವನ್ನೆಲ್ಲ ಚೆನ್ನಾಗಿ ತಿಳಿದಿದ್ದ ಹುಡುಗನೊಬ್ಬ ‘ಅವರ್ ಸ್ವಾಮೀಜಿ ಹ್ಯಾವ್ ಕಮ್’ ಎಂದು ಬರೆದ. ತಿದ್ದಿ ‘ಹ್ಯಾಸ್’ ಎಂದು ಮಾಡಿದೆವು. ಮರುವಾರವೂ ‘ಹ್ಯಾವ್’. ಏಕಪ್ಪಾ ಎಂದು ಕೇಳಿದರೆ ತಲೆ ತಗ್ಗಿಸಿ, “ಅಜ್ಜಾರಿಗೆ ‘ಹ್ಯಾಸ್’ ಅಂದ್ರ ಏಕವಚನ ಆಗತೈತಲ್ರೀ ಸರ” ಎಂದ. ನಮಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ‘ಗುರುಗಳು ಬಂದರು’, ‘ತಂದೆಯವರು ಹೋದರು’ ಎಂದು ಒಬ್ಬರನ್ನೇ ಬಹುವಚನದಲ್ಲಿ ಕರೆಯುವುದು ನಮ್ಮ ಮನೆಗಳ ಸಂಸ್ಕಾರ. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಗೌರವದ ಬಹುವಚನ ತಿಳಿಯದು. ಅಲ್ಲಿ ಲೆಕ್ಕ ತಲೆಗಳದ್ದು. ರಾಷ್ಟ್ರಪತಿಗಳಾದರೂ ‘ಹ್ಯಾಸ್’, ಹಸುಗೂಸಾದರೂ ‘ಹ್ಯಾಸ್’. ಆ ಹುಡುಗನಿಗೆ, “ಇದು ಅಗೌರವವಲ್ಲ, ಅವರ ಭಾಷೆಯಲ್ಲಿ ಗೌರವವನ್ನು ಇಡುವ ಜಾಗ ಬೇರೆ” ಎಂದು ಹೇಳಿದ ಮೇಲೆ ತಪ್ಪು ನಿಂತಿತು. ಮಕ್ಕಳ ತಪ್ಪುಗಳೆಲ್ಲ ದಡ್ಡತನದಿಂದ ಬರುವುವೆಂದು ತಿಳಿಯುವ ಉಪಾಧ್ಯಾಯರು ಇದನ್ನು ಗಮನಿಸಬೇಕು.

ಹಾಳೆಯಲ್ಲಿ ಇನ್ನೆರಡು ತಪ್ಪುಗಳು ‘ಸಿನ್ಸ್’, ‘ಫಾರ್’ ಎಂಬುವುಗಳಿಗೆ ಸಂಬಂಧಿಸಿದವು. ‘ಐ ಆಮ್ ಲಿವಿಂಗ್ ಇನ್ ಹುಬ್ಬಳ್ಳಿ ಸಿನ್ಸ್ ಟೆನ್ ಇಯರ್ಸ್’ ಎಂದು ನಮ್ಮಲ್ಲಿ ವಕೀಲರೂ ವೈದ್ಯರೂ ಹೇಳುವುದನ್ನು ಕೇಳಿದ್ದೇವೆ. ಇದು ‘ನಾನು ಹತ್ತು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ವಾಸವಾಗಿದ್ದೇನೆ’ ಎಂಬ ಶುದ್ಧ ಕನ್ನಡ ವಾಕ್ಯಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದು. ಕನ್ನಡದಲ್ಲಿ ‘2015ರಿಂದ’ ಎನ್ನುವಾಗಲೂ ‘ಹತ್ತು ವರ್ಷಗಳಿಂದ’ ಎನ್ನುವಾಗಲೂ ಒಂದೇ ‘ಇಂದ’ ಪ್ರತ್ಯಯ. ಇಂಗ್ಲಿಷ್ ಇವೆರಡನ್ನೂ ಬೇರೆ ಮಾಡುತ್ತದೆ. ಕೆಲಸ ಆರಂಭವಾದ ಗಳಿಗೆಯನ್ನು ಹೇಳಿದರೆ ‘ಸಿನ್ಸ್’, ನಡೆದ ಅವಧಿಯ ಉದ್ದವನ್ನು ಹೇಳಿದರೆ ‘ಫಾರ್’. ಗೂಟ ನೆಟ್ಟ ಜಾಗ ಒಂದು, ಹಗ್ಗದ ಉದ್ದ ಇನ್ನೊಂದು ಎಂದು ನಾವು ಮಕ್ಕಳಿಗೆ ಹೇಳುತ್ತಿದ್ದೆವು. ಎರಡನೆಯದಾಗಿ, ಹಿಂದೆ ಆರಂಭವಾಗಿ ಇಂದಿಗೂ ನಡೆಯುತ್ತಿರುವುದಕ್ಕೆ ಕನ್ನಡವು ‘ಇದ್ದೇನೆ’ ಎಂಬ ವರ್ತಮಾನದಿಂದಲೇ ತೃಪ್ತಿಪಡುತ್ತದೆ. ಇಂಗ್ಲಿಷಿಗೆ ಅದು ಸಾಲದು, ‘ಹ್ಯಾವ್ ಬೀನ್ ಲಿವಿಂಗ್’ ಎನ್ನಬೇಕು. ಒಂದು ವಾಕ್ಯದಲ್ಲಿ ಎರಡು ತಪ್ಪು. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅವುಗಳಲ್ಲಿ ಒಂದನ್ನು ಮಾತ್ರ ಇಟ್ಟಿರುತ್ತಾರೆ. ಆದುದರಿಂದ ಈ ಎರಡು ಪದಗಳನ್ನು ಕಂಡ ಕೂಡಲೇ ಕ್ರಿಯಾಪದದ ಕಡೆಗೂ ಕಣ್ಣು ಹಾಯಿಸಬೇಕು.

ಏಳನೆಯ ತಪ್ಪು ‘ಪ್ರಿಫರ್’ ಎಂಬ ಪದದ್ದು. ‘ಕಾಫಿಗಿಂತ ಚಹಾ ಮೇಲು’ ಎನ್ನುವವರು ನಾವು, ಆದುದರಿಂದ ‘ಟೀ ದ್ಯಾನ್ ಕಾಫಿ’ ಎಂದುಬಿಡುತ್ತೇವೆ. ಅಲ್ಲಿ ‘ಟು’ ಬರಬೇಕು. ಲ್ಯಾಟಿನ್ ಮೂಲದ ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್‌ಫೀರಿಯರ್’ ಇವುಗಳಿಗೂ ಅದೇ ‘ಟು’. ‘ಗಿಂತ’ ಎಂಬುದಕ್ಕೆಲ್ಲ ‘ದ್ಯಾನ್’ ಎಂದು ಬರೆಯುವ ಅಭ್ಯಾಸವಿದ್ದವರು ಈ ಐದು ಪದಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಸಾಕು.

ಎಂಟನೆಯದು ‘ಟೆಲ್ ಮಿ ವೇರ್ ಈಸ್ ದಿ ಬ್ಯಾಂಕ್’ ಎಂಬ ಬಗೆಯದು. ನೇರವಾಗಿ ಪ್ರಶ್ನಿಸುವಾಗ ಇಂಗ್ಲಿಷ್ ಪದಗಳ ಸ್ಥಾನವನ್ನು ಅದಲುಬದಲು ಮಾಡುತ್ತದೆ. ಅದೇ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಸೇರಿದಾಗ ಮತ್ತೆ ಸಹಜ ಕ್ರಮಕ್ಕೆ ಬರುತ್ತದೆ: ‘ಟೆಲ್ ಮಿ ವೇರ್ ದಿ ಬ್ಯಾಂಕ್ ಈಸ್.’ ಕನ್ನಡದಲ್ಲಿ ‘ಬ್ಯಾಂಕು ಎಲ್ಲಿದೆ?’ ಎಂದರೂ ‘ಬ್ಯಾಂಕು ಎಲ್ಲಿದೆಯೆಂದು ಹೇಳು’ ಎಂದರೂ ಪದಗಳು ಕದಲುವುದಿಲ್ಲ. ಆದುದರಿಂದ ನಮ್ಮ ಕಿವಿ ಇಲ್ಲಿ ಎಚ್ಚರಿಸುವುದಿಲ್ಲ.

ಹಾಳೆಯಲ್ಲಿಲ್ಲದಿದ್ದರೂ ಇಂತಹ ಪರೀಕ್ಷೆಗಳಲ್ಲಿ ಪದೇ ಪದೇ ಕಾಣುವ ಕೆಲವನ್ನು ಹೇಳಿ ಮುಂದುವರಿಯುವೆವು. ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬೇಡ. ‘ಕುರಿತು ಚರ್ಚಿಸು’ ಎಂಬುದರಲ್ಲಿನ ‘ಕುರಿತು’ ಆ ಪದದೊಳಗೇ ಇದೆ. ‘ರಿಟರ್ನ್’ ಆದ ಮೇಲೆ ‘ಬ್ಯಾಕ್’ ಬೇಡ. ನಮ್ಮಲ್ಲಿ ಮಾಹಿತಿಗಳು, ಸಲಹೆಗಳು ಎಂದರೆ ತಪ್ಪಿಲ್ಲ, ಇಂಗ್ಲಿಷಿನಲ್ಲಿ ‘ಇನ್‌ಫರ್ಮೇಷನ್’, ‘ಅಡ್ವೈಸ್’, ‘ಫರ್ನಿಚರ್’, ‘ಲಗೇಜ್’ ಇವುಗಳಿಗೆ ಬಹುವಚನವಿಲ್ಲ. ‘ನೋ ಸೂನರ್’ ಎಂದು ಆರಂಭವಾದುದಕ್ಕೆ ‘ದ್ಯಾನ್’ ಜೋಡಿ, ‘ಹಾರ್ಡ್ಲಿ’ ಎಂಬುದಕ್ಕೆ ‘ವೆನ್’ ಜೋಡಿ. ‘ದೋ’ ಎಂದು ಹೊರಟ ಮೇಲೆ ನಡುವೆ ‘ಬಟ್’ ತರಕೂಡದು. ‘ನೀದರ್’, ‘ನಾರ್’ ಬಂದಾಗ ಕ್ರಿಯಾಪದವು ತನಗೆ ಹತ್ತಿರವಿರುವ ಕರ್ತೃವನ್ನು ಅನುಸರಿಸುತ್ತದೆ. ನಾವು ಮೇಲೆ ದೂರದ ಯಜಮಾನನನ್ನು ಹುಡುಕಬೇಕೆಂದೆವಲ್ಲ, ಇಲ್ಲಿ ಮಾತ್ರ ಹತ್ತಿರದವನದೇ ಅಧಿಕಾರ.

‘ಎ’ ಮತ್ತು ‘ಆನ್’ ವಿಷಯದಲ್ಲಿ ಕನ್ನಡ ಬಲ್ಲವರಿಗೆ ಒಂದು ವಿಶೇಷ ಅನುಕೂಲವಿದೆ. ಮುಂದಿನ ಪದವನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಕು. ಮೊದಲ ಅಕ್ಷರ ಸ್ವರವಾದರೆ ‘ಆನ್’, ವ್ಯಂಜನವಾದರೆ ‘ಎ’. ‘ಯೂನಿವರ್ಸಿಟಿ’ ಯಕಾರದಿಂದ ಆರಂಭವಾಗುವುದರಿಂದ ‘ಎ ಯೂನಿವರ್ಸಿಟಿ’. ಗಂಟೆಯೆಂಬ ಅರ್ಥದ ‘ಅವರ್’ ಅಕಾರದಿಂದ ಆರಂಭವಾಗುವುದರಿಂದ ‘ಆನ್ ಅವರ್’. ಅಂತೆಯೇ ‘ಆನ್ ಎಂ.ಎಲ್.ಎ.’, ‘ಆನ್ ಎಲ್.ಐ.ಸಿ. ಏಜೆಂಟ್’, ‘ಎ ಯುರೋಪಿಯನ್’. ಇಂಗ್ಲಿಷ್ ಅಕ್ಷರಗಳನ್ನು ನೋಡುವವನು ಮೋಸ ಹೋಗುತ್ತಾನೆ, ಕನ್ನಡದಲ್ಲಿ ಬರೆಯುವವನು ಹೋಗುವುದಿಲ್ಲ. ಒಂದೇ ಎಚ್ಚರಿಕೆ: ‘ಒನ್’ ಎಂಬುದನ್ನು ‘ವನ್’ ಎಂದು ಬರೆದುಕೊಳ್ಳಬೇಕು, ಏಕೆಂದರೆ ಅದರ ಉಚ್ಚಾರ ವಕಾರದಿಂದ ಹೊರಡುತ್ತದೆ. ಹತ್ತು ರೂಪಾಯಿಯ ನೋಟಿನ ವಿಷಯದಲ್ಲಿಯೂ ಕನ್ನಡವೇ ಕೈಹಿಡಿಯುತ್ತದೆ. ನಾವು ‘ಹತ್ತು ರೂಪಾಯಿಗಳ ನೋಟು’ ಎನ್ನುವುದಿಲ್ಲವಷ್ಟೆ? ಅವರೂ ‘ಎ ಟೆನ್ ರುಪೀ ನೋಟ್’ ಎಂದೇ ಬರೆಯುತ್ತಾರೆ, ‘ರುಪೀಸ್’ ಎಂದಲ್ಲ.

ಇಷ್ಟು ನಿಯಮಗಳನ್ನು ಯಾರು ಮಾಡಿದರು, ಎಲ್ಲರೂ ಮಾತನಾಡುವ ಇಂಗ್ಲಿಷ್ ಹೀಗೆ ಇರುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಇರುವುದಿಲ್ಲ. ಪರೀಕ್ಷೆಯ ಇಂಗ್ಲಿಷ್ ಒಂದು ಸಂಪ್ರದಾಯ. ನಮ್ಮ ದೇಶದಲ್ಲಿ ಆ ಸಂಪ್ರದಾಯಕ್ಕೆ ಬಹುಮಟ್ಟಿಗೆ ಆಧಾರವಾಗಿ ನಿಂತದ್ದು ಪಿ. ಸಿ. ರೆನ್ ಮತ್ತು ಎಚ್. ಮಾರ್ಟಿನ್ ಎಂಬುವರು 1930ರ ದಶಕದಲ್ಲಿ ಹೊರತಂದ ವ್ಯಾಕರಣ ಪುಸ್ತಕ. ಅದನ್ನು ಮುಂದೆ ಎನ್. ಡಿ. ವಿ. ಪ್ರಸಾದ ರಾವ್ ಅವರು ಪರಿಷ್ಕರಿಸಿದರು, ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ‘ಹೊಂಟೇನ್ರಿ’ ಎನ್ನುವ ಧಾರವಾಡದವನೂ ‘ಹೋಗ್ತೀನಿ’ ಎನ್ನುವ ಮೈಸೂರಿನವನೂ ತಪ್ಪು ಮಾತನಾಡುವವರಲ್ಲ. ಆದರೆ ಕನ್ನಡ ಪ್ರಶ್ನೆಪತ್ರಿಕೆಗೆ ಇಬ್ಬರೂ ‘ಹೋಗುತ್ತೇನೆ’ ಎಂದೇ ಬರೆಯುತ್ತಾರೆ. ಇಂಗ್ಲಿಷಿನ ಪ್ರಶ್ನೆಯೂ ಅಷ್ಟೇ. ‘ಇದು ಗ್ರಂಥಸ್ಥ ರೂಪವೋ ಅಲ್ಲವೋ’ ಎಂಬುದು ಪ್ರಶ್ನೆಯೇ ಹೊರತು ‘ನಿನಗೆ ಬುದ್ಧಿಯಿದೆಯೋ ಇಲ್ಲವೋ’ ಎಂಬುದಲ್ಲ. ಈ ಪರೀಕ್ಷೆಗಳೂ ಶಾಶ್ವತವಲ್ಲ. ಅಮೆರಿಕದ ವ್ಯವಹಾರಾಡಳಿತ ಶಾಲೆಗಳಿಗೆ ಸೇರಬಯಸುವ ನಮ್ಮ ಮನೆಗಳ ಮಕ್ಕಳು ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳು ದಶಕಗಳ ಕಾಲ ಇದ್ದವು. ಐದು ಆಯ್ಕೆಗಳಲ್ಲಿ ಮೊದಲನೆಯದು ಮೂಲ ವಾಕ್ಯವೇ ಆಗಿರುತ್ತಿತ್ತು. 2023ರ ನವೆಂಬರಿನಲ್ಲಿ ಆರಂಭವಾದ ಹೊಸ ಮಾದರಿಯಲ್ಲಿ ಆ ಪ್ರಶ್ನೆಗಳನ್ನೇ ಕೈಬಿಟ್ಟರು, 2024ರ ಜನವರಿ ಮುಗಿಯುವುದರೊಳಗೆ ಹಳೆಯ ಮಾದರಿ ನಿಂತಿತು. ಅಮೆರಿಕದ ವಿದ್ಯಾಲಯಗಳಿಗೆ ಬೇಡವೆನಿಸಿದ ಪ್ರಶ್ನೆ ಗದಗಿನ ಬ್ಯಾಂಕಿನ ಕಟ್ಟೆಯ ಹಿಂದೆ ಕುಳಿತುಕೊಳ್ಳಲು ಬೇಕಾಗಿರುವುದು ವಿಚಿತ್ರವೇ ಸರಿ. ಆದರೆ ಅದು ಇರುವವರೆಗೆ ಅದನ್ನು ಗೆಲ್ಲಬೇಕು.

ಇಂಗ್ಲಿಷ್ ನಮ್ಮ ಮನೆತನಕ್ಕೆ ಒಗ್ಗುವುದಲ್ಲ ಎಂದು ಯಜಮಾನರು ಆಡಿದ ಮಾತು ನಮಗೆ ನೋವು ತಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳಿಗಾಗಿ ಹೆಣಗಿದ ಡೆಪ್ಯುಟಿ ಚನ್ನಬಸಪ್ಪನವರು ಷೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದವರು. ಅವರು ಆರಿಸಿಕೊಂಡ ನಾಟಕದ ಹೆಸರು ‘ಕಾಮೆಡಿ ಆಫ್ ಎರರ್ಸ್’ ಎಂಬುದನ್ನು ಈ ಹಾಳೆಯನ್ನು ತಿದ್ದುವಾಗ ನೆನೆದು ನಕ್ಕೆವು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದ ಶಿಕ್ಷಕರಲ್ಲಿ ಎಸ್. ಎಸ್. ಬಸವನಾಳರು 1940ರಲ್ಲಿ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೊಡಗೂಡಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. ಎಂ. ಆರ್. ಸಾಖರೆಯವರು 1942ರಲ್ಲಿ ಲಿಂಗಾಯತ ಧರ್ಮದ ಇತಿಹಾಸ ಹಾಗೂ ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿಯೇ ಹಿರಿದಾದ ಗ್ರಂಥ ಬರೆದರು. ಕನ್ನಡ ನೆಲದಲ್ಲಿ ಬೆಳೆದ ಇವರು ಇಂಗ್ಲಿಷನ್ನು ಕಲಿತದ್ದು ಹುಟ್ಟಿನಿಂದಲ್ಲ, ಕಾಯಕದಿಂದ.

ಸಂಬಂಧದ ವಿಷಯ. ಗಂಡು ಒಳ್ಳೆಯವನಾಗಿ, ಮನೆ ಒಳ್ಳೆಯದಾಗಿ, ಹುಡುಗಿಗೂ ಒಪ್ಪಿಗೆಯಿದ್ದರೆ ಬೇಡವೆನ್ನಲು ನಾವಾರು? ಆದರೆ ಒಪ್ಪಿಗೆಯನ್ನು ಹುಡುಗಿಯಿಂದಲೇ ಬಾಯಿಬಿಟ್ಟು ಕೇಳಬೇಕು. ರೊಟ್ಟಿ ಬಡಿಯುವಾಗ ಸುಮ್ಮನಿದ್ದಳೆಂಬುದು ಒಪ್ಪಿಗೆಯಲ್ಲ. ಇನ್ನೊಂದು ಪರೀಕ್ಷೆಗೆ ಕೂಡಲು ಅವಳಿಗೆ ಆಸೆಯಿದ್ದರೆ ಅದನ್ನು ಗಂಡಿನ ಕಡೆಯವರಿಗೆ ಮಾತುಕತೆಯ ದಿನವೇ ತಿಳಿಸಿಬಿಡಿ. ಒಪ್ಪದ ಮನೆಯಾದರೆ ಅದು ಈಗಲೇ ಗೊತ್ತಾಗುವುದು ಲೇಸು. ಧಾರವಾಡಕ್ಕೆ ಕಳುಹಿಸಿ ತರಬೇತಿ ಕೇಂದ್ರಕ್ಕೆ ಸೇರಿಸಬೇಕೇ ಎಂದೂ ಕೇಳಿದ್ದೀರಿ. ಅನುಕೂಲವಿದ್ದರೆ ಸೇರಿಸಿ, ಸಾಲ ಮಾಡಿ ಬೇಡ. ಈ ಹಾಳೆಯನ್ನು ನೋಡಿದ ಮೇಲೆ ಅದರ ಅಗತ್ಯ ಹೆಚ್ಚಾಗಿಲ್ಲವೆಂದೇ ನಮ್ಮ ಅಭಿಪ್ರಾಯ. ಒಂದು ಒಳ್ಳೆಯ ವ್ಯಾಕರಣ ಪುಸ್ತಕ, ಹಿಂದಿನ ವರ್ಷಗಳ ಪ್ರಶ್ನೆಗಳು, ಒಂದು ಕೈಗಡಿಯಾರ, ತಪ್ಪಿದ ವಾಕ್ಯಗಳನ್ನಷ್ಟೇ ಬರೆದಿಡುವ ಒಂದು ನೋಟುಬುಕ್ಕು, ಇಷ್ಟು ಸಾಕು. ಆ ನೋಟುಬುಕ್ಕಿನಲ್ಲಿ ಪ್ರತಿ ತಪ್ಪಿನ ಎದುರು ಕಾರಣವನ್ನು ಕನ್ನಡದಲ್ಲಿ ಬರೆಯಲಿ. ಕಾರಣ ಬರೆಯಲಾಗದೆ, ‘ಕಿವಿಗೆ ಹೀಗೆ ಚೆನ್ನಾಗಿ ಕೇಳಿಸಿತು’ ಎಂದು ಆರಿಸಿದ ಉತ್ತರ ಸರಿಯಾಗಿದ್ದರೂ ಅದನ್ನು ಅರ್ಧ ತಪ್ಪೆಂದೇ ಎಣಿಸಲಿ.

ಅವಳು ಉತ್ತರಿಸದೆ ಬಿಟ್ಟ ನಾಲ್ಕು ವಾಕ್ಯಗಳನ್ನು ನೋಡಿದೆವು. ನಾಲ್ಕೂ ತಪ್ಪಿಲ್ಲದ ವಾಕ್ಯಗಳು! ಮತ್ತೆ ಮತ್ತೆ ಹುಡುಕಿ, ತಪ್ಪು ಸಿಗದೆ, ಸಿಗದಿರುವುದು ತನ್ನ ಅಜ್ಞಾನವೆಂದು ಬಗೆದು ಬಿಟ್ಟಿದ್ದಾಳೆ. ಕನ್ನಡ ಮಾಧ್ಯಮದ ಮಕ್ಕಳಲ್ಲಿ ಇದನ್ನು ನಾವು ಬಹಳ ಕಂಡಿದ್ದೇವೆ. ಕರ್ತೃ, ಕ್ರಿಯಾಪದ, ಕಾಲ, ವಿಭಕ್ತಿಯ ಸ್ಥಾನದಲ್ಲಿರುವ ಸಣ್ಣ ಪದ, ವಚನ ಇಷ್ಟನ್ನೂ ಒಂದು ಸಲ ನೋಡಿ ಮುಗಿಸಿದ ಮೇಲೆ ತಪ್ಪು ಕಾಣದಿದ್ದರೆ ‘ತಪ್ಪಿಲ್ಲ’ ಎಂದು ಬರೆದು ಮುಂದೆ ಹೋಗಬೇಕು. ಎರಡನೆಯ ಸಲ ಹುಡುಕುವುದಕ್ಕೆ 40 ಸೆಕೆಂಡಿನಲ್ಲಿ ಜಾಗವಿಲ್ಲ.

ಇನ್ನು ಉಳಿದದ್ದು ಒಂಬತ್ತನೆಯ ತಪ್ಪು, ಹಾಳೆಯ 18ನೆಯ ವಾಕ್ಯ. ‘ದಿ ಕಮಿಟಿ ವರ್ ಡಿವೈಡೆಡ್ ಇನ್ ದೇರ್ ಒಪೀನಿಯನ್ಸ್.’ ಅಲ್ಲಿ ಮಾತ್ರ ಅವಳು ಧೈರ್ಯ ಮಾಡಿ ‘ತಪ್ಪಿಲ್ಲ’ ಎಂದು ಬರೆದಿದ್ದಾಳೆ. ಕೈಪಿಡಿಯು ‘ವರ್’ ತಪ್ಪು, ‘ವಾಸ್’ ಸರಿ ಎನ್ನುತ್ತದೆ. ಅವಳು ಕೆಂಪು ಗೆರೆ ಎಳೆದುಕೊಂಡಿದ್ದಾಳೆ. ಸಮಿತಿಯನ್ನು ಒಂದೇ ಘಟಕವಾಗಿ ಎಣಿಸಿದಾಗ ಏಕವಚನ ಸರಿ. ಆದರೆ ಸದಸ್ಯರು ಭಿನ್ನಾಭಿಪ್ರಾಯ ತಳೆದು ಬೇರೆಬೇರೆಯಾಗಿ ನಿಂತಾಗ, ‘ದೇರ್’ ಎಂಬ ಪದವೂ ಜೊತೆಗಿರುವಾಗ, ಬಹುವಚನವೇ ಯುಕ್ತವೆಂಬುದು ವ್ಯಾಕರಣ ಗ್ರಂಥಗಳ ಮತ. ನಾವೂ ಹಿಂದೊಮ್ಮೆ ಇಂಥದೇ ವಾಕ್ಯದಲ್ಲಿ ಉತ್ತರ ಪುಟವನ್ನು ನಂಬಿ ವಿದ್ಯಾರ್ಥಿನಿಯೊಬ್ಬಳ ಅಂಕ ಕಳೆದು, ಅವಳು ಪುಸ್ತಕ ತಂದು ತೋರಿಸಿದಾಗ ತಲೆತಗ್ಗಿಸಿದವರು. ತಾಯಿಯವರೇ, ತಮ್ಮ ಮಗಳಿಗೆ ಬಂದ ಅಂಕ 14.75 ಅಲ್ಲ. 18 ಸರಿ, 8 ತಪ್ಪು, ಎಂದರೆ 16. ದೂರದ ಯಜಮಾನನನ್ನು ಹುಡುಕುವುದನ್ನೂ ಗೂಟ ಹಗ್ಗಗಳ ಭೇದವನ್ನೂ ಕಲಿತರೆ ಆ ಆರು ತಪ್ಪುಗಳು ಹೋಗಿ 23.5 ಆಗುತ್ತದೆ. ಬಿಟ್ಟ ನಾಲ್ಕನ್ನು ಇದರಲ್ಲಿ ಸೇರಿಸಿಲ್ಲ.

18ನೆಯ ವಾಕ್ಯದ ಮೇಲಿನ ಕೆಂಪು ಗೆರೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಸರಿ ಗುರುತು ಮಾಡಿ, ಹಾಳೆಯನ್ನು ಸೋಮವಾರ ಅಂಚೆಗೆ ಹಾಕಿದ್ದೇವೆ. ಅದನ್ನು ಯಜಮಾನರಿಗೂ ತೋರಿಸಿರಿ.